ಕೀಲಿಯೊಳಗಿನ ಟ್ಯೂಬು

ನನಗೆ ಸಿಟ್ಟು ಜಾಸ್ತಿ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಹನ್ನೊಂದು ವರ್ಷಗಳಲ್ಲಿ ಒಂದೇ ಕೆರೆಯಿಂದ ಏಳು ಹೆಣ ಎತ್ತಿದವನಿಗೆ ಸಿಟ್ಟು ಬರಬಾರದು ಎಂದರೆ ಇನ್ಯಾರಿಗೆ ಬರಬೇಕು? ನನ್ನ ಹೆಸರು ರವೀಂದ್ರ. ಬನವಾಸಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದೇನೆ. ಮನೆ ಇರುವುದು ಅಲ್ಲಿಂದ ಆರು ಕಿಲೋಮೀಟರ್ ಆಚೆ, ಕೆರೆ ಏರಿಯ ಕೆಳಗಿನ ಊರಿನಲ್ಲಿ. ಅಂಗಡಿಯ ಬೋರ್ಡಿನ ಮೇಲೆ ಹೆಸರು ದೊಡ್ಡದಾಗಿಯೇ ಬರೆಸಿದ್ದೇನೆ, ಆದರೂ ಜನ ನನ್ನನ್ನು ಗುರುತಿಸುವುದು ಹೆಣ ತೆಗೆಯುವ ರವಿ ಎಂದೇ. ಕೆರೆಯಲ್ಲಿ ಯಾರಾದರೂ ಮುಳುಗಿದರೆ ಮೊದಲು ಫೋನ್ ಬರುವುದು ನನಗೆ. ಮುಳುಗುವ ಮೊದಲು ಮಾತ್ರ ನನ್ನ ಮಾತು ಯಾರಿಗೂ ಬೇಡ.

ಕೆರೆ ಚೆಂದವಾಗಿದೆ, ತೊಂದರೆ ಇರುವುದೇ ಅಲ್ಲಿ. ಆಚೆ ದಂಡೆಗೆ ಗುಡ್ಡ, ಈಚೆ ದಂಡೆಗೆ ಹಳೆಯ ಕಲ್ಲಿನ ಮೆಟ್ಟಿಲು, ನಡುವೆ ನೀರಿನಿಂದ ಎದ್ದು ನಿಂತ ಒಂದು ಕಲ್ಲುಕಂಬ. ಯಾವ ರಾಜ ನಿಲ್ಲಿಸಿದನೋ ಗೊತ್ತಿಲ್ಲ. ಶನಿವಾರ, ಭಾನುವಾರ ಬಂದರೆ ಹುಬ್ಬಳ್ಳಿ, ಹಾವೇರಿ, ದಾವಣಗೆರೆಯ ಕಾರುಗಳು ಏರಿಯುದ್ದಕ್ಕೂ ನಿಲ್ಲುತ್ತವೆ. ಕಂಬದವರೆಗೆ ಈಜಿ, ಅದನ್ನು ತಬ್ಬಿಕೊಂಡು, ದಂಡೆಯಲ್ಲಿರುವ ಗೆಳೆಯನಿಂದ ವಿಡಿಯೋ ಮಾಡಿಸಿಕೊಳ್ಳಬೇಕು, ಅಷ್ಟೇ ಎಲ್ಲರ ಆಸೆ. ಮೆಟ್ಟಿಲ ಮೇಲೆ ನಿಂತರೆ ಕಂಬ ಇಲ್ಲೇ ಇದ್ದಂತೆ ಕಾಣುತ್ತದೆ. ನಾನು ದಿನಾ ಬೆಳಿಗ್ಗೆ ಈಜುತ್ತೇನೆ, ನನಗೆ ಗೊತ್ತು: ಹೋಗುವುದಕ್ಕೇ ಮುನ್ನೂರಕ್ಕೂ ಹೆಚ್ಚು ಸಲ ಕೈ ಬೀಸಬೇಕು. ನಡುವೆ ತಾವರೆಯ ದಂಟುಗಳು ಕಾಲಿಗೆ ಸುತ್ತಿಕೊಳ್ಳುತ್ತವೆ. ಮೇಲೆ ಬೆಚ್ಚಗಿರುವ ನೀರು ಸೊಂಟದ ಕೆಳಗೆ ಇದ್ದಕ್ಕಿದ್ದಂತೆ ತಣ್ಣಗಾಗಿ ಸ್ನಾಯು ಹಿಡಿದುಕೊಳ್ಳುತ್ತದೆ. ಗದ್ದೆಗೆ ನೀರು ಬಿಟ್ಟ ದಿನ ತೂಬಿನ ಕಡೆಗೆ ಸೆಳೆತವೂ ಇರುತ್ತದೆ. ಈಜುಕೊಳದಲ್ಲಿ ಕಲಿತವರಿಗೆ ದಣಿದಾಗ ಕೈ ಚಾಚಿದರೆ ಗೋಡೆ ಸಿಕ್ಕಿ ರೂಢಿ. ಇಲ್ಲಿ ಗೋಡೆ ಇಲ್ಲ ಎಂಬುದು ಅವರಿಗೆ ನಡುನೀರಿನಲ್ಲಿ ನೆನಪಾಗುತ್ತದೆ.

ಮೂರನೆಯ ಹೆಣ ಎತ್ತಿದ ದಿನವನ್ನು ನಾನು ಮರೆಯಲಾರೆ. ಹಾನಗಲ್ ಕಡೆಯ ಹುಡುಗ, ಡಿಪ್ಲೊಮಾ ಓದುತ್ತಿದ್ದವನು. ದಂಡೆಗೆ ತಂದು ಮಲಗಿಸಿದೆ. ಅವನ ತಾಯಿ ಅಳಲಿಲ್ಲ. ನನ್ನನ್ನೇ ನೋಡುತ್ತಾ, "ಇಷ್ಟ್ ಚಲೋ ಈಜ್ತೀಯಪಾ. ಆವಾಗ ಎಲ್ಲಿದ್ದಿ?" ಎಂದಳು. ನಾನು ಆವಾಗ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಟಯರ್ ಬಿಚ್ಚುತ್ತಿದ್ದೆ. ಇದನ್ನು ಹೇಳುವುದು ಹೇಗೆ? ಮನೆಗೆ ಬಂದು ಅಂಗಳದಲ್ಲಿ ಸ್ನಾನ ಮಾಡುವಾಗ ಹೆಂಡತಿ ಮಹೇಶ್ವರಿಗೆ ಹೇಳಿದೆ, ಈ ಕೆರೆಯಿಂದ ಒಬ್ಬನನ್ನಾದರೂ ಜೀವಂತ ಹೊರಗೆ ತರುತ್ತೇನೆ, ಅಲ್ಲಿಯವರೆಗೆ ನನಗೆ ನೆಮ್ಮದಿ ಇಲ್ಲ ಎಂದು. ಅವಳು ನನ್ನ ತಲೆಯ ಮೇಲೆ ಇನ್ನೊಂದು ತಂಬಿಗೆ ನೀರು ಸುರಿದಳು.

ಮರುವಾರವೇ ಒಂದು ಹಳೆಯ ಲಾರಿ ಟ್ಯೂಬಿಗೆ ಪ್ಯಾಚ್ ಹಾಕಿ, ಗಾಳಿ ತುಂಬಿ, ಅರವತ್ತು ಅಡಿ ನೈಲಾನ್ ಹಗ್ಗ ಕಟ್ಟಿ ಮೆಟ್ಟಿಲ ಪಕ್ಕದ ಹೊಂಗೆ ಮರಕ್ಕೆ ನೇತುಹಾಕಿದೆ. ನಾಲ್ಕನೇ ದಿನ ಹಗ್ಗ ಮಾಯ. ಅನಾನಸ್ ತುಂಬಿದ ಪಿಕಪ್ಪಿನ ಹಿಂದೆ ಅದೇ ನೀಲಿ ಹಗ್ಗ ಬಿಗಿದದ್ದನ್ನು ನನ್ನ ಅಂಗಡಿಯ ಮುಂದೆಯೇ ನೋಡಿದೆ. ಇನ್ನೊಂದು ಹಗ್ಗ ಕಟ್ಟಿದೆ. ಈ ಸಲ ಟ್ಯೂಬೂ ಹೋಯಿತು. ಬೋರ್ಡ್ ಬರೆಸಿದೆ, ಅದರ ಮೇಲೆ ಯಾರೋ ಟವೆಲ್ ಒಣಹಾಕಿದರು. ಪೀಪಿ ಕೊಂಡು ಭಾನುವಾರಗಳಲ್ಲಿ ಊದತೊಡಗಿದೆ. ನೀರಿನಲ್ಲಿದ್ದವರು ನನಗೆ ಕೈ ಬೀಸಿ ಪೀಪಿಯ ತಾಳಕ್ಕೆ ಕುಣಿದರು. ದೇವರಾಣೆಗೂ ಕುಣಿದರು.

ಊರವರಿಗಾದರೂ ಕಲಿಸೋಣವೆಂದು ಒಂದು ದಿನ ಮೆಟ್ಟಿಲ ಬಳಿಗೆ ಎಲ್ಲರನ್ನೂ ಕರೆದೆ. ಮುಳುಗುವವನನ್ನು ಕಂಡರೆ ನೀರಿಗೆ ಹಾರಬೇಡಿ, ಅವನು ನಿಮ್ಮನ್ನೂ ಹಿಡಿದೆಳೆಯುತ್ತಾನೆ; ತೇಲುವುದನ್ನು ಒಗೆಯಿರಿ, ಹಗ್ಗದ ತುದಿ ಬಿಡಬೇಡಿ; ಇಷ್ಟನ್ನು ತೋರಿಸಬೇಕಿತ್ತು. ಬಂದವರು ಯಾರೂ ಇಲ್ಲ. ದಿನವೂ ಅಲ್ಲಿ ಬಟ್ಟೆ ಒಗೆಯುವ ಪಾರ್ವತವ್ವ ಒಬ್ಬಳಿದ್ದಳು, ಅವಳೂ ಬಂದದ್ದಲ್ಲ, ಇದ್ದದ್ದು. ನಾನು ಅವಳೊಬ್ಬಳಿಗೇ ಹಟ ಹಿಡಿದು ಅರ್ಧ ತಾಸು ಪಾಠ ಮಾಡಿದೆ. ಅರವತ್ತೈದರ ಮುದುಕಿ ಸೊಂಟದ ಮೇಲೆ ಕೈಯಿಟ್ಟು ಕೇಳಿ, "ಮುಗೀತೇನಪಾ? ಮುಗಿದಿದ್ರ ಆ ಕಲ್ಲ ಮ್ಯಾಲಿಂದ ಇಳಿ. ನನ್ನ ಚಾದರ ಒಗಿಯೂದೈತಿ" ಎಂದಳು. ಅವತ್ತು ನನಗಾದ ಅವಮಾನಕ್ಕೆ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಏಳನೆಯ ಹೆಣದ ನಂತರ ಅನಾನಸ್ ವ್ಯಾಪಾರಿ ಮಧುಕೇಶ್ವರರ ಮನಸ್ಸು ಕರಗಿತು. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಮಧುಕೇಶಣ್ಣ ಎನ್ನುತ್ತೇನೆ. ಕೆಟ್ಟವರಲ್ಲ. ತೀರಿಕೊಂಡ ತಾಯಿಯ ಹೆಸರಿನಲ್ಲಿ ಊರಿಗೆ ಏನಾದರೂ ಕೊಡಬೇಕೆಂದಿದ್ದವರು, ಕಾರವಾರದಿಂದ ಹಡಗಿನವರು ಬಳಸುವಂಥ ಕಿತ್ತಳೆ ಬಣ್ಣದ ಗಟ್ಟಿ ಟ್ಯೂಬನ್ನೇ ತರಿಸಿದರು. ಅದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ಖುಷಿ. ಆದರೆ ಅದನ್ನು ಎಲ್ಲಿ ಇಟ್ಟರು ಕೇಳಿ. ಹೊಂಗೆ ಮರದ ಬುಡದಲ್ಲಿ ಕಂಬ ನೆಟ್ಟು, ಅದರ ಮೇಲೆ ಸಾಗವಾನಿ ಚೌಕಟ್ಟಿನ ಗಾಜಿನ ಪೆಟ್ಟಿಗೆ. ಒಳಗೆ ಹಗ್ಗ ಕಟ್ಟಿದ ಟ್ಯೂಬು, ಟ್ಯೂಬಿನ ನಡುವೆ ಅವರ ತಾಯಿಯ ಫೋಟೋ, ಹೊರಗೆ ಹಿತ್ತಾಳೆ ಕೀಲಿ. ಉದ್ಘಾಟನೆಯ ದಿನ ಪೂಜೆ ಮಾಡಿ, ಕಾಯಿ ಒಡೆದು, ಕೀಲಿ ಹಾಕಿ, ಕೀಲಿಕೈಯನ್ನು ಮಧುಕೇಶಣ್ಣ ಜೇಬಿಗಿಳಿಸಿದರು.

ಇದು ನಮ್ಮೂರ ಪದ್ಧತಿ. ಊರಿಗೆ ಯಾರು ಏನು ಕೊಟ್ಟರೂ ಅದರ ಕೀಲಿಕೈ ಕೊಟ್ಟವರ ಮನೆಯಲ್ಲೇ ಇರಬೇಕು. ಗುಡಿಯ ಹಂಡೆಗಳು, ಮದುವೆಗೆ ಹಾಸುವ ಜಮಖಾನೆ, ಮೈಕ್ ಸೆಟ್ಟು, ಎಲ್ಲವೂ ಹಾಗೆಯೇ. ಬೇಕಾದವರು ಎಲೆ ಅಡಿಕೆ ಹಿಡಿದು ಅವರ ಮನೆಗೆ ಹೋಗಿ ಕೇಳಬೇಕು, ಅವರು ಬಂದು ತೆರೆದು ಕೊಡಬೇಕು. ಕೊಟ್ಟವರಿಗೂ ಮರ್ಯಾದೆ, ಸಾಮಾನಿಗೂ ಜೋಪಾನ. ನಲವತ್ತು ವರ್ಷದ ಹಂಡೆಗಳಿಗೆ ಇನ್ನೂ ಒಂದು ತಗ್ಗು ಬಿದ್ದಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಹಂಡೆ ಬೇಕಾಗುವುದು ಮದುವೆಗೆ, ಮದುವೆ ತಿಂಗಳ ಮೊದಲೇ ಗೊತ್ತಿರುತ್ತದೆ.

"ಮಧುಕೇಶಣ್ಣ, ಮುಳುಗೋ ಮನಷಾ ಎಲಿ ಅಡಿಕಿ ತಗೊಂಡು ನಿಮ್ಮ ಮನಿಗೆ ಬರಬೇಕೇನ್ರಿ?" ಎಂದು ಎಲ್ಲರ ಮುಂದೆಯೇ ಕೇಳಿದೆ.

"ಸಿಟ್ಟಾಗಬ್ಯಾಡ ತಮ್ಮಾ. ಒಂದ್ ಫೋನ್ ಮಾಡು, ಎರಡ ನಿಮಿಷದಾಗ ಸ್ಕೂಟಿ ಮ್ಯಾಲೆ ಬಂದು ತಗದ ಕೊಡ್ತೀನಿ."

"ಮುಳುಗಾಕ ಎರಡ್ ನಿಮಿಷ ಬೇಕಾಗೂದಿಲ್ರಿ."

"ಹಂಗಂತ ಬಯಲಾಗ ಬಿಟ್ರ ನಿನ್ನ ಲಾರಿ ಟ್ಯೂಬಿಗೆ ಆದ ಗತಿನ ಇದಕ್ಕೂ ಆಗತೈತಿ. ನಮ್ಮ ಅವ್ವನ ಹೆಸರೈತೆಪಾ ಇದರ ಮ್ಯಾಲೆ."

ನನ್ನ ಟ್ಯೂಬು ಹೋದದ್ದು ಸುಳ್ಳಲ್ಲವಲ್ಲ. ಅಲ್ಲಿಂದ ಮುಂದೆ ಪ್ರತಿ ಸೋಮವಾರ ಅವರು ಬಂದು ಗಾಜು ಒರೆಸಿ, ಫೋಟೋಕ್ಕೆ ಹೂವಿಟ್ಟು ಹೋಗುತ್ತಿದ್ದರು. ನಾನು ಪ್ರತಿ ಸೋಮವಾರ ಅಲ್ಲಿ ನಿಂತು ಜಗಳ ತೆಗೆಯುತ್ತಿದ್ದೆ. ಕೀಲಿಕೈ ಪಾರ್ವತವ್ವನ ಹತ್ತಿರ ಕೊಡಿ ಎಂದೆ, ಆಗಲಿಲ್ಲ. ಕೀಲಿ ಬೇಡ, ಬರಿಯ ಚಿಲಕ ಇರಲಿ ಎಂದೆ; ಅದೂ ಆಗಲಿಲ್ಲ. ಕೆರೆ ಸಮಿತಿಯವರು ನನ್ನನ್ನು ಕೂರಿಸಿ, ಚಹಾ ಕುಡಿಸಿ, ಊರಿನ ಪದ್ಧತಿ ಒಬ್ಬನಿಗಾಗಿ ಮುರಿಯಲು ಬರುವುದಿಲ್ಲ ಎಂದು ಸಮಾಧಾನ ಹೇಳಿದರು. ಒಂದು ಸೋಮವಾರ ತಡೆಯಲಾರದೆ, "ಒಂದಿನ ಈ ಗಾಜು ಒಡದ ಬಿಡ್ತೀನಿ ನೋಡ್ರಿ" ಎಂದುಬಿಟ್ಟೆ. ಮಧುಕೇಶಣ್ಣ ಮುಖ ಸಣ್ಣ ಮಾಡಿಕೊಂಡು ಹೋದರು.

ಅದೇ ವಾರದ ಶನಿವಾರ ನಾನು ಶಿರಸಿಗೆ ಟಯರು ತರಲು ಹೋಗಿದ್ದೆ. ಎರಡು ಟಯರು, ಒಂದು ಚೀಲ ಟ್ಯೂಬು ಹಿಡಿದು ಬನವಾಸಿ ಬಸ್ಸು ಹತ್ತಿ ಕುಳಿತಿದ್ದೆ. ಬಸ್ಸು ಇನ್ನೂ ಹೊರಟಿರಲಿಲ್ಲ, ಮಧುಕೇಶಣ್ಣನ ಫೋನು.

"ರವೀ, ಎಲ್ಲಿದ್ದಿ? ಲಗೂನ ಕೆರಿ ಕಡೆ ಬಾ. ಹುಬ್ಬಳ್ಳಿ ಹುಡುಗ ಒಬ್ಬಾವ ಕಂಬದ ತನಕ ಈಜಾಕ ಹೋಗಿದ್ದ..." ದನಿ ಒಡೆದಿತ್ತು, ಹಿಂದೆ ಜನರ ಗದ್ದಲ. "ಏನ್ ಹೇಳ್ಲೆಪಾ, ನೀ ಬಂದ ನೋಡು" ಎನ್ನುವಷ್ಟರಲ್ಲಿ ಕಟ್ ಆಯಿತು. ಕೆರೆಯ ಬಳಿ ನೆಟ್‌ವರ್ಕ್ ಸಿಗುವುದು ಏರಿಯ ಒಂದು ಮೂಲೆಯಲ್ಲಿ ಮಾತ್ರ. ಎಂಟು ಸಲ ತಿರುಗಿ ಮಾಡಿದೆ, ಎಂಟು ಸಲವೂ ವ್ಯಾಪ್ತಿಯ ಹೊರಗೆ.

ಎಂಟನೆಯದು, ಎಂದುಕೊಂಡೆ. ಬೇರೆ ಏನನ್ನೂ ಯೋಚಿಸಲು ಬರಲಿಲ್ಲ. ಆ ಕೆರೆಯಿಂದ ನನಗೆ ಬೇರೆ ಕಾರಣಕ್ಕೆ ಫೋನ್ ಬಂದದ್ದೇ ಇಲ್ಲ. ಇಳಿದು ಬೇರೆ ಗಾಡಿ ಹುಡುಕುವಷ್ಟರಲ್ಲಿ ಬಸ್ಸು ಹೊರಟಿತು. ಹೊರಟ ಮೇಲೆ ಪ್ರತಿ ಸ್ಟಾಪಿನಲ್ಲಿ ನಿಂತಿತು. ಒಂದು ಕಡೆ ಡ್ರೈವರ್ ಯಾರದೋ ಮೊರಕ್ಕೆ ಜಾಗ ಮಾಡಿಕೊಟ್ಟ, ಇನ್ನೊಂದು ಕಡೆ ಕಂಡಕ್ಟರ್ ಇಳಿದು ಚಿಲ್ಲರೆ ತಂದ. ನಾನು ಕಿಟಕಿಯ ಸರಳು ಹಿಡಿದು ಕುಳಿತಿದ್ದೆ. ನನ್ನ ತಲೆ ಆಗಲೇ ಲೆಕ್ಕ ಹಾಕುತ್ತಿತ್ತು: ಪಡುವಣ ಗಾಳಿ ಇದೆ, ತೂಬು ಅರ್ಧ ತೆರೆದಿದೆ, ಹಾಗಾದರೆ ದೇಹ ಜೊಂಡಿನ ಬದಿಗೆ ಹೋಗಿ ಸಿಕ್ಕಿಕೊಂಡಿರುತ್ತದೆ. ಮನುಷ್ಯ ಸತ್ತನೋ ಇಲ್ಲವೋ ತಿಳಿಯುವ ಮೊದಲೇ ಹೆಣ ಎಲ್ಲಿದೆ ಎಂದು ಹುಡುಕುವ ನನ್ನ ಬುದ್ಧಿಯ ಮೇಲೆ ನನಗೇ ಅಸಹ್ಯವಾಯಿತು.

ಪಕ್ಕದಲ್ಲಿ ಕುಳಿತಿದ್ದವರು ಶಾಂತಾರಾಮ ಹೆಗಡೆಯವರು, ಅಡಿಕೆ ತೋಟದವರು, ನನ್ನ ಗಿರಾಕಿ. "ಎಂತ ಆಯ್ತು ಮಾರಾಯ? ಮುಖ ಯಾಕೆ ಹಿಂಗೆ ಮಾಡ್ಕಂಡಿದ್ದೀಯ?" ಎಂದರು. ಹೇಳಿದೆ.

"ಅಯ್ಯೋ ಪಾಪ" ಎಂದು ಚೀಲದಿಂದ ಬಾಳೆಹಣ್ಣು ತೆಗೆದರು. "ತಗ, ತಿನ್ನು. ನೀ ಹೋಗದ್ರೊಳಗೆ ಹೆಂಗೂ ಎಲ್ಲ ಮುಗ್ದಿರ್ತದೆ. ಗಡಿಬಿಡಿ ಮಾಡಿ ಎಂತ ಸಿಗ್ತದೆ ಹೇಳು?"

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಆ ಬಾಳೆಹಣ್ಣನ್ನು ಕಿಟಕಿಯಿಂದಾಚೆ ಎಸೆದುಬಿಡುವಷ್ಟು ಕೋಪ ಬಂತು. ಹನ್ನೊಂದು ವರ್ಷ ಎಲ್ಲವೂ ಮುಗಿದ ಮೇಲೆಯೇ ತಲುಪಿದವನು ನಾನು. ಇವತ್ತಂತೂ ಇಪ್ಪತ್ತೆರಡು ಕಿಲೋಮೀಟರ್ ದೂರದಲ್ಲಿ, ಬಸ್ಸಿನಲ್ಲಿ, ಮಡಿಲಲ್ಲಿ ಟ್ಯೂಬಿನ ಚೀಲ ಇಟ್ಟುಕೊಂಡು ಕುಳಿತಿದ್ದೇನೆ. ಮಧುಕೇಶಣ್ಣ ಕೀಲಿ ತೆಗೆಯಲು ಬಂದಿರಬೇಕು, ಅಷ್ಟರಲ್ಲಿ ಹುಡುಗ ಕೆಳಗಿಳಿದಿರಬೇಕು, ಅದಕ್ಕೇ ದನಿ ಹಾಗೆ ಒಡೆದಿತ್ತು ಎಂದು ನಾನೇ ಕಥೆ ಪೂರ್ತಿ ಮಾಡಿಕೊಂಡೆ. ಅವರಿಗೆ ಹೇಳಬೇಕಾದ ಮಾತುಗಳನ್ನೂ ದಾರಿಯುದ್ದಕ್ಕೂ ಜೋಡಿಸಿಕೊಂಡೆ, ಒಂದೂ ಮನೆಮಂದಿಯ ಮುಂದೆ ಆಡುವಂಥದ್ದಲ್ಲ.

ಬನವಾಸಿಯಲ್ಲಿ ಇಳಿದವನೇ ಟಯರುಗಳನ್ನು ಅಂಗಡಿಯ ಬಾಗಿಲಿಗೆ ಬಿಸಾಕಿ ಬೈಕು ಹತ್ತಿದೆ. ಏರಿಯ ಮೇಲೆ ಬಂದಾಗ ನಲವತ್ತು ಐವತ್ತು ಜನ ಸೇರಿದ್ದರು. ಅಂಗಿ ಬಿಚ್ಚುತ್ತಲೇ ಓಡಿದೆ. ಓಡುವಾಗ ಒಂದು ವಿಚಿತ್ರ ಕಂಡಿತು. ಯಾರಾದರೂ ಮುಳುಗಿದಾಗ ಜನ ನೀರಿನ ಕಡೆಗೆ ಮುಖ ಮಾಡಿ ನಿಂತಿರುತ್ತಾರೆ. ಇವತ್ತು ಎಲ್ಲರ ಬೆನ್ನೂ ನೀರಿಗಿತ್ತು. ಎಲ್ಲರೂ ಹೊಂಗೆ ಮರವನ್ನು ನೋಡುತ್ತಿದ್ದರು.

"ಎಲ್ಲಿ? ಎಲ್ಲಿ ಮುಳುಗಿದಾ?" ಎಂದು ಕೂಗಿದೆ.

"ಮೊದಲ ಇಲ್ಲಿ ನೋಡು" ಎಂದು ಮಧುಕೇಶಣ್ಣ ನನ್ನ ಮೊಣಕೈ ಹಿಡಿದು ಜನರೊಳಗೆ ಎಳೆದುಕೊಂಡರು. ಪೆಟ್ಟಿಗೆಯ ಗಾಜು ಪುಡಿಪುಡಿಯಾಗಿತ್ತು. ಟ್ಯೂಬು ಇರಲಿಲ್ಲ. ಹಿತ್ತಾಳೆಯ ಕೀಲಿ ಮಾತ್ರ ಚೌಕಟ್ಟಿಗೆ ಭದ್ರವಾಗಿ ಅಂಟಿಕೊಂಡಿತ್ತು. ತಾಯಿಯ ಫೋಟೋವನ್ನು ಮಧುಕೇಶಣ್ಣ ಎದೆಗೆ ಅವಚಿಕೊಂಡಿದ್ದರು, ಅದರ ಮೂಲೆಯೂ ಸೀಳಿತ್ತು. "ನೀನ ಹೇಳಿಕೊಟ್ಟಿಯೇನು ಈ ಮುದುಕಿಗೆ? ಮೊನ್ನೆ ನನ್ನ ಮುಂದನ ಅಂದಿದ್ದೆಲ್ಲ, ಗಾಜು ಒಡೀತೀನಿ ಅಂತ. ಹೇಳು, ಎಲ್ಲಾರ ಮುಂದನೂ ಹೇಳು."

"ಹುಡುಗ ಎಲ್ರಿ?"

"ಯಾವ ಹುಡುಗ?"

"ಮುಳುಗಿದಾವ!"

"ಅಂವಾ ಅಲ್ಲೇ ಕೆಳಗ ಕುಂತಾನ. ಅಂವಗೇನಾಗೇತಿ?"

ಅರ್ಧ ಅಂಗಿ ಮೈಮೇಲೆ, ಅರ್ಧ ಕೈಯಲ್ಲಿ. ಇವರು ನನ್ನನ್ನು ಶಿರಸಿಯಿಂದ ಓಡಿಸಿಕೊಂಡು ಬಂದದ್ದು ಗಾಜಿನ ವಿಚಾರಣೆಗೆ!

ಪಾರ್ವತವ್ವ ಗುಂಪಿನ ನಡುವೆ ಅಪರಾಧಿಯಂತೆ ನಿಂತಿದ್ದಳು. ಬಲಗೈಯ ಬೆರಳಿಗೆ ಸೆರಗಿನ ಚಿಂದಿ ಸುತ್ತಿದ್ದಳು, ರಕ್ತ ಒಸರಿತ್ತು. ಏನಾಯಿತೆಂದು ಕೇಳಿದೆ. ಆಕೆ ನನ್ನನ್ನು ನೋಡದೆ ಹೇಳಿದಳು. "ತೂಬಿನ ಹಂತ್ಯಾಕ ಬಂದು ಕೈ ಬಡ್ಯಾಕತ್ತಿದ್ದ. ಅವನ ಗೆಳ್ಯಾರು ಆಟ ಆಡತಾನ ಅಂತ ಫೋನ್ ಹಿಡಕೊಂಡು ನಗತಿದ್ರು. ನನಗ ಗೊತ್ತಾತು. ಕಲ್ಲು ತಗೊಂಡು ಗಾಜಿಗೆ ಹೊಡದೆ. ಒಗದೆ. ಹಗ್ಗ ಮುಟ್ಟಲಿಲ್ಲ. ಒಗಿಯಾಕ ತಂದಿದ್ದ ಸೀರಿ ಗಂಟ್ ಹಾಕಿ ಇನ್ನೊಮ್ಮೆ ಒಗದೆ. ಹಿಡಕೊಂಡ. ಎಳದೆ. ನೀರಿಗೆ ನಾ ಇಳೀಲಿಲ್ಲಪಾ, ನೀ ಬ್ಯಾಡ ಅಂದಿದ್ದೆಲ್ಲ."

ಖುಷಿಯ ಜೊತೆಗೇ, ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು. ಹನ್ನೊಂದು ವರ್ಷ ಕಾದವನು ನಾನು, ಈಜು ಬಾರದ ಮುದುಕಿ ಒದ್ದೆ ಸೀರೆಯಲ್ಲಿ ಎಳೆದು ಹಾಕಿದ್ದಳು.

"ಜೀವ ಉಳಿದದ್ದು ಚಲೋನ ಆತು, ಯಾರ್ ಬ್ಯಾಡಂದ್ರು?" ಮಧುಕೇಶಣ್ಣ ಈಗ ಅಳುವ ದನಿಯಲ್ಲಿದ್ದರು. "ನನಗೊಂದು ಫೋನ್ ಮಾಡಬೇಕಿತ್ತಿಲ್ಲ? ಮನ್ಯಾಗ ಇದ್ನಿ. ಕೀಲಿಕೈ ಜೇಬಿನಾಗ ಇತ್ತು."

ನಾಲ್ಕಾರು ಜನ ಹೌದೆಂದು ತಲೆಯಾಡಿಸಿದರು. ಕೆರೆ ಸಮಿತಿಯ ಒಬ್ಬರು ಮುಂದೆ ಬಂದು, ಆದದ್ದಾಯಿತು, ಇನ್ನು ಜಗಳ ಬೇಡ, ಮುಂದಿನ ಸಲ ಗಾಜಿನ ಬದಲು ಕಬ್ಬಿಣದ ಜಾಳಿಗೆ ಹಾಕಿಸೋಣ, ಆಗ ಯಾರಿಗೂ ಒಡೆಯಲು ಬರುವುದಿಲ್ಲ ಎಂದರು. ಅದಕ್ಕೂ ಕೆಲವರು ತಲೆಯಾಡಿಸಿದರು.

ಬಸ್ಸಿನಲ್ಲಿ ಜೋಡಿಸಿಟ್ಟ ಮಾತುಗಳನ್ನೆಲ್ಲ ಅಲ್ಲಿಯೇ ಹೊರಹಾಕಿದೆ. ಮಧುಕೇಶಣ್ಣನಿಗೆ, ಸಮಿತಿಗೆ, ತಲೆಯಾಡಿಸಿದವರಿಗೆ, ಯಾರಿಗೂ ಕಡಿಮೆ ಮಾಡಲಿಲ್ಲ. ಕಂಠ ಕೀರಲಾಗುವವರೆಗೆ ಬೈದೆ. ಯಾರೂ ಎದುರು ಹೇಳಲಿಲ್ಲ, ಯಾರೂ ಒಪ್ಪಲೂ ಇಲ್ಲ. ರವಿಗೆ ಸಿಟ್ಟು ಬಂದಿದೆ, ಇಳಿಯುತ್ತದೆ ಎಂಬ ಮುಖದಲ್ಲಿ ನಿಂತಿದ್ದರು. ಬೈದು ಬೈದು ಸೋತು, ಮೆಟ್ಟಿಲಿಳಿದು ಹುಡುಗನ ಹತ್ತಿರ ಹೋದೆ.

ಕೊನೆಯ ಮೆಟ್ಟಿಲ ಮೇಲೆ ಪಾರ್ವತವ್ವನ ಚಾದರ ಹೊದ್ದು ಕುಳಿತಿದ್ದ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಕೊರಳಲ್ಲಿ ಈಜಿನ ಕನ್ನಡಕ, ಗದ್ದದ ಮೇಲೆ ವಾಂತಿಯ ಕಲೆ. ಕಾಲಿಗೆ ತಾವರೆಯ ದಂಟು ಇನ್ನೂ ಸುತ್ತಿಕೊಂಡಿತ್ತು. ಗೆಳೆಯರಿಬ್ಬರು ಬಾಯಿ ಮುಚ್ಚಿಕೊಂಡು ದೂರ ನಿಂತಿದ್ದರು. ಹೆಸರು ಕೇಳಿದೆ. ವೈಭವ ಎಂದ. ಆಮೇಲೆ ಅವನೇ ಶುರು ಮಾಡಿದ.

"ನಾ ಚಲೋ ಈಜ್ತೀನ್ರಿ ಅಂಕಲ್. ಪೂಲ್‌ನಾಗ ದಿನಾ ಇಪ್ಪತ್ತ್ ರೌಂಡ್ ಹೊಡೀತೀನಿ. ಇಲ್ಲೇ ನೀರ ಸರಿ ಇಲ್ಲ. ಒಂದ್ ಬೋರ್ಡಾದ್ರೂ ಹಾಕಬಾರದೇನ್ರಿ?"

ನನ್ನ ಬೋರ್ಡು ಅವನ ಹಿಂದೆ ಎರಡು ಮಾರು ದೂರದಲ್ಲಿತ್ತು, ಅದರ ಮೇಲೆ ಅವನದೇ ಪ್ಯಾಂಟು ನೇತಾಡುತ್ತಿತ್ತು. ಕೆನ್ನೆಗೆ ಎರಡು ಬಿಡಬೇಕೆಂದು ಕೈ ಎತ್ತಿದೆ. ಎತ್ತಿದ ಕೈ ಅವನ ಮಣಿಕಟ್ಟನ್ನು ಹಿಡಿಯಿತು, ಯಾಕೋ ಗೊತ್ತಿಲ್ಲ. ಚರ್ಮ ಇನ್ನೂ ತಣ್ಣಗಿತ್ತು, ಒಳಗೆ ನಾಡಿ ಡಬಡಬ ಹೊಡೆಯುತ್ತಿತ್ತು. ಇನ್ನೂ ಬಿಗಿಯಾಗಿ ಹಿಡಿದೆ. ಮೇಲೆ ಜಾಳಿಗೆಯ ಅಳತೆ ಎಷ್ಟಿರಬೇಕೆಂದು ಮಾತು ನಡೆದಿತ್ತು. ನನಗೆ ಬಿಡಲು ಬರಲಿಲ್ಲ.

"ಬಿಡ್ರಿ ಅಂಕಲ್" ಎಂದು ಅವನು ಕೈ ಕೊಸರಿದ. "ನೋಯಾಕತ್ತೈತಿ."

ಈ ಕೆರೆಯಿಂದ ಹೊರಗೆ ಬಂದವರಲ್ಲಿ ನನಗೆ ಹಾಗೆ ಹೇಳಿದವರು ಇದುವರೆಗೆ ಯಾರೂ ಇರಲಿಲ್ಲ.

"ಇನ್ನೊಮ್ಮೆ ಅನ್ನು" ಎಂದೆ.